ಆಟಗಾರರು ಮದ್ದು ಕೂಡಿಡುತ್ತಾರೆ, ಕುಡಿಯುವುದೇ ಇಲ್ಲ ಅಂದಿರಲ್ಲ

ನೀವು ಮಾಡುತ್ತಿರುವ ವಿಡಿಯೊ ಆಟದಲ್ಲಿ 40 ಮೂಲಿಕೆ ಇದ್ದರೂ ಜನ ಮದ್ದು ಕಾಯಿಸಿ ಚೀಲದಲ್ಲೇ ಇಟ್ಟುಕೊಳ್ಳುತ್ತಾರೆ, ಇನ್ನಷ್ಟು ಮೂಲಿಕೆ ಸೇರಿಸಲಾ ಅಂತ ಕೇಳಿದ್ದೀರಿ. ಬೇಡ. ಖರ್ಚಾದರೆ ಮತ್ತೆ ಸಿಗದು ಅನ್ನುವ ಭಯ ಅದು, ಅಷ್ಟೇ. ನಾನೂ ಹಾಗೇ, ಆಟ ಮುಗಿದಾಗಲೂ ಚೀಲದ ತುಂಬ ಸೀಸೆ!

2015ರ ‘ವಿಚರ್ 3’ ವಿಡಿಯೊ ಆಟ ನೋಡಿ. ಒಂದು ಮದ್ದನ್ನು ಒಮ್ಮೆ ತಯಾರಿಸಿದರೆ ಸಾಕು. ಆಮೇಲೆ ಕಡಕ್ ಮದ್ಯ ಇಟ್ಟುಕೊಂಡು ಧ್ಯಾನಕ್ಕೆ ಕೂತರೆ ಖಾಲಿ ಸೀಸೆಗಳು ತುಂಬಿಕೊಳ್ಳುತ್ತವೆ. ಆದರೆ ಒಂದರ ಮೇಲೊಂದು ಕುಡಿದರೆ ಮೈಯಲ್ಲಿ ವಿಷ ಏರುತ್ತದೆ. ಅಂದರೆ ಕಡಿವಾಣ ಬಿದ್ದಿರುವುದು ದಾಸ್ತಾನಿನ ಮೇಲಲ್ಲ, ಆ ಹೊತ್ತಿನಲ್ಲಿ ಯಾವುದನ್ನು ಕುಡಿಯಲಿ ಅನ್ನುವುದರ ಮೇಲೆ. ನಿಮಗೆ ಬೇಕಾಗಿರುವುದು ಇದೇ ಅಲ್ವಾ?

ಹುಡುಕುವ ಖುಷಿಗೆ ‘ಸ್ಕೈರಿಮ್’ ಆಟದ ದಾರಿ ಚೆನ್ನ. ಪ್ರತಿ ಪದಾರ್ಥಕ್ಕೂ 4 ಗುಣ, ತಿಂದು ನೋಡಿದರೆ ಮೊದಲನೆಯದು ಗೊತ್ತಾಗುತ್ತದೆ. ಅಲ್ಲೊಂದು ಎಡವಟ್ಟೂ ಇತ್ತು. ಒಂದು ಬಗೆಯ ಮದ್ದು ಕುಡಿದು, ಮದ್ದು ಮಾಡುವ ಕೌಶಲ ಏರಿಸುವ ಮಂತ್ರದ ಉಡುಪು ತೊಟ್ಟರೆ ಉಡುಪಿನ ಬಲ ಏರುತ್ತಿತ್ತು, ಅದರಿಂದ ಇನ್ನೂ ಬಲವಾದ ಮದ್ದು, ಮತ್ತೆ ಉಡುಪು... ಕೊನೆಯೇ ಇಲ್ಲ. ಮದ್ದು ಮಾಡುವ ಕೌಶಲವನ್ನೇ ಏರಿಸುವ ಮದ್ದು ನಿಮ್ಮ ಪಟ್ಟಿಯಲ್ಲಿದ್ದರೆ ಇವತ್ತೇ ತೆಗೆದುಬಿಡಿ.