ಲೆ ಮಾನ್ 24 ಗಂಟೆ ರೇಸಿನಲ್ಲಿ ಓಡುವ ಎಲ್‌ಎಂಎಚ್, ಎಲ್‌ಎಂಡಿಎಚ್ ಕಾರುಗಳಲ್ಲಿ ಯಾವುದು ಹೆಚ್ಚು ವೇಗ? ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಯಾವುದನ್ನು ಆರಿಸಿಕೊಳ್ಳಲಿ?

"ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತುವ ಬಲ) ಆದಷ್ಟು ಜಾಸ್ತಿ ಗಳಿಸೋ ಪ್ಲಾನ್ ಇದೆ" ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಲ್ಲ, ಆ ಸಾಲು ನೋಡಿಯೇ ಉತ್ತರಿಸಲು ಕೂತೆ. ನನ್ನ ಪ್ರಾಜೆಕ್ಟ್ ಕೂಡ ಅದೇ ಆಗಿತ್ತು.

ಈ ಎರಡೂ ಬಗೆಯ ಕಾರುಗಳು ಓಡುವ ಹೈಪರ್‌ಕಾರ್ ಕ್ಲಾಸಿನ ನಿಯಮಗಳು 2021ರಲ್ಲಿ ಜಾರಿಗೆ ಬಂದ ಹೊಸತು. ನಾನೋ ಪೋರ್ಷೆ 919, ಆಡಿ ಆರ್18 ನೋಡುತ್ತಾ ರೇಸಿಂಗ್ ಹುಚ್ಚು ಹತ್ತಿಸಿಕೊಂಡವನು. ತಲೆಯಲ್ಲಿ ಇದ್ದದ್ದು ಅವು ಓಡುತ್ತಿದ್ದ ಹಳೇ ಎಲ್‌ಎಂಪಿ1 ಕ್ಲಾಸಿನ ಲೆಕ್ಕ. ಹಿಂದಿನ ವಿಂಗ್, ಅಡಿಯ ಡಿಫ್ಯೂಸರ್ (ಕಾರಿನ ಕೆಳಗಿನ ಗಾಳಿಯನ್ನು ಹಿಂದಕ್ಕೆ ಬಿಡುವ ಭಾಗ) ಎರಡನ್ನೂ ತಿದ್ದಿ ತಿದ್ದಿ ಸಿಮ್ಯುಲೇಶನ್ ಓಡಿಸಿದೆ. ಸಂಖ್ಯೆ ಮೇಲೇರಿದಷ್ಟೂ ಖುಷಿ. ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ಗ್ರಾಫಿನ ತುದಿಯ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಮಾತು: "ಇದು ವಿಂಡೋ ಒಳಗಿದೆಯೇನಪ್ಪಾ?"

ಇರಲಿಲ್ಲ. ಹೈಪರ್‌ಕಾರ್ ಕ್ಲಾಸಿನಲ್ಲಿ ಡೌನ್‌ಫೋರ್ಸ್‌ಗೂ ಡ್ರ್ಯಾಗ್‌ಗೂ (ಗಾಳಿಯ ತಡೆ) ಮಿತಿ ಹಾಕಿ ಒಂದು ಚೌಕಟ್ಟು ಕೊಟ್ಟಿದ್ದಾರೆ, ಅದೇ ವಿಂಡೋ. ಕಾರನ್ನು ವಿಂಡ್ ಟನಲ್‌ನಲ್ಲಿ ಅಳೆಯುತ್ತಾರೆ, ಅಂಕಿ ಆ ಚೌಕಟ್ಟಿನೊಳಗೆ ಬಿದ್ದರೆ ಮಾತ್ರ ಹೋಮೊಲೊಗೇಶನ್, ಅಂದರೆ ರೇಸಿಗೆ ಒಪ್ಪಿಗೆ. ಹೊಂದಿಸಿಕೊಳ್ಳಲು ಬಿಡುವ ಏರೋ (ಗಾಳಿಯ ಹರಿವಿಗೆ ಸಂಬಂಧಿಸಿದ) ಭಾಗವೂ ಒಂದೇ. ಅಂದರೆ ನಾನು ಗಳಿಸಿದೆ ಅಂದುಕೊಂಡ ಪ್ರತಿಯೊಂದು ಹೆಚ್ಚುವರಿ ನ್ಯೂಟನ್ ಕೂಡ ಕಾರನ್ನು ನಿಯಮದಿಂದ ಆಚೆ ತಳ್ಳುತ್ತಿತ್ತು. ಇಂಜಿನ್ ಶಕ್ತಿ, ತೂಕ, ಅಳತೆ ಎಲ್ಲದರ ಕೋಷ್ಟಕ ಬಾಯಿಪಾಠ ಮಾಡಿದ್ದೆ. ಏರೋ ಅಧ್ಯಾಯವನ್ನು ಮಾತ್ರ "ಗೊತ್ತಿರೋದೇ ತಾನೆ" ಅಂತ ಹಾರಿಸಿದ್ದೆ. ಅಂಕ ಹೋದದ್ದು ಇರಲಿ, ಅದೇ ವರದಿ ನೋಡಿ ಇಂಟರ್ನ್‌ಶಿಪ್ ಕೊಡುವುದಾಗಿ ಹೇಳಿದ್ದ ರೇಸ್ ಟೀಮ್ ಕೂಡ ಮತ್ತೆ ಮಾತಾಡಲಿಲ್ಲ.

ಪೆಷೋ ಕಂಪನಿಯ ಹೈಪರ್‌ಕಾರ್ 9ಎಕ್ಸ್8 ನೋಡಿ. 2022ರಲ್ಲಿ ಹಿಂದಿನ ವಿಂಗೇ ಇಲ್ಲದೆ ಬಂತು. ಡೌನ್‌ಫೋರ್ಸ್‌ಗೆ ಹೇಗೂ ಮಿತಿ ಇದೆ, ಅಷ್ಟನ್ನು ಕಾರಿನ ಅಡಿಯಿಂದಲೇ ಎಳೆದುಕೊಂಡರೆ ವಿಂಗ್ ಯಾಕೆ ಅನ್ನುವುದು ಅವರ ತರ್ಕ. ಆಮೇಲೆ ಹಿಂದೆ ಮುಂದೆ ಸಮವಾಗಿದ್ದ ಟೈರ್ ಅಗಲವನ್ನು ಬದಲಾಯಿಸಬೇಕಾಗಿ ಬಂದು, 2024ರಲ್ಲಿ ವಿಂಗ್ ಹಾಕಿಕೊಂಡೇ ಬಂದರು. ಆದರೂ ಮೊದಲ ಕಾರಿನ ಯೋಚನೆ ನಿಯಮವನ್ನು ಸರಿಯಾಗಿ ಓದಿದವರದ್ದು ಅಂತಲೇ ನಾನು ಈಗಲೂ ಹೇಳುತ್ತೇನೆ.

ಇನ್ನು "ಯಾವುದು ವೇಗ" ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಎರಡೂ ಒಂದೇ ಕ್ಲಾಸಿನಲ್ಲಿ ಓಡುತ್ತವೆ, ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ (ತೂಕ, ಶಕ್ತಿ ಏರಿಳಿಸಿ ಕಾರುಗಳನ್ನು ಸಮ ಮಾಡುವ ನಿಯಮ) ಇರುವುದೇ ಆ ಪ್ರಶ್ನೆಗೆ ಉತ್ತರ ಸಿಗದ ಹಾಗೆ ನೋಡಿಕೊಳ್ಳಲು. 2023ರ ಲೆ ಮಾನ್‌ಗೆ ಮುಂಚೆ ಟೊಯೊಟಾಗೆ 37 ಕೆಜಿ, ಫೆರಾರಿಗೆ 24 ಕೆಜಿ ತೂಕ ಏರಿಸಿದರು, ಗೆದ್ದದ್ದು ಫೆರಾರಿ. ಶಕ್ತಿಯಲ್ಲಿ ಕಳ್ಳಾಟಕ್ಕೂ ಜಾಗವಿಲ್ಲ, ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್ ಮೇಲೆಯೇ ಅದನ್ನು ಅಳೆಯುವ ಟಾರ್ಕ್ ಸೆನ್ಸರ್ ಕೂತಿರುತ್ತದೆ.

ನಿಜವಾದ ವ್ಯತ್ಯಾಸ ಇರುವುದು ನಿಮಗೆ ಕೆಲಸ ಎಷ್ಟು ಉಳಿದಿದೆ ಅನ್ನುವುದರಲ್ಲಿ. ಎಲ್‌ಎಂಡಿಎಚ್‌ನಲ್ಲಿ ಚಾಸಿಯನ್ನು ಒರೆಕಾ, ಲಿಜಿಯೆ, ದಲ್ಲಾರಾ, ಮಲ್ಟಿಮ್ಯಾಟಿಕ್ ನಾಲ್ವರಲ್ಲಿ ಒಬ್ಬರಿಂದಲೇ ಕೊಳ್ಳಬೇಕು. ಹೈಬ್ರಿಡ್ ವ್ಯವಸ್ಥೆ ಎಲ್ಲರಿಗೂ ಒಂದೇ: ಬಾಷ್ ಮೋಟರ್, ಎಕ್ಸ್‌ಟ್ರಾಕ್ ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ 50 ಕಿಲೋವ್ಯಾಟ್. ನೀವು ಕೈಯಾಡಿಸಬಹುದಾದದ್ದು ಇಂಜಿನ್ ಮತ್ತು ಹೊರಮೈ. ಎಲ್‌ಎಂಎಚ್‌ನಲ್ಲಿ ಇಡೀ ಕಾರು ನಿಮ್ಮದೇ. ಹೈಬ್ರಿಡ್ ಬೇಕಿದ್ದರೆ ಮುಂದಿನ ಆಕ್ಸಲ್‌ಗೆ 200 ಕಿಲೋವ್ಯಾಟ್‌ವರೆಗೆ, ಅದೂ ನಿಗದಿ ಮಾಡಿದ ವೇಗ ದಾಟಿದ ಮೇಲಷ್ಟೇ. ಬೇಡವೇ? ಆಸ್ಟನ್ ಮಾರ್ಟಿನ್ ವಾಲ್ಕಿರಿ ವಿ12 ಇಂಜಿನ್ ಒಂದರಲ್ಲೇ ಓಡುತ್ತಿದೆ.

ಇದರ ಕೆಳಗಿನ ಕ್ಲಾಸ್ ಎಲ್‌ಎಂಪಿ2 ಯೋಚನೆ ಬೇಡ. ಎಲ್ಲರಿಗೂ ಅದೇ ಗಿಬ್ಸನ್ ವಿ8, ನೀವು ಡಿಸೈನ್ ಮಾಡುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ.

ನನ್ನನ್ನು ಕೇಳಿದರೆ ಎಲ್‌ಎಂಎಚ್ ತಗೊಳ್ಳಿ, ಏರೋ ಮಾತ್ರ ಬೇಡ. ಮುಂದಿನ ಆಕ್ಸಲ್‌ನ ಮೋಟರ್ ತಗೊಳ್ಳಿ. ಬ್ರೇಕ್ ಹಿಡಿದಾಗ ಎಷ್ಟು ಶಕ್ತಿ ವಾಪಸ್ ತೆಗೆಯಬಹುದು, ಆ ವೇಗದ ಮಿತಿ ದಾಟಿದೊಡನೆ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುತ್ತಿದ್ದ ಕಾರಿನಲ್ಲಿ ನಾಲ್ಕಕ್ಕೂ ಹೋಗತೊಡಗಿದಾಗ ಕಾರಿನ ಸಮತೋಲ ಏನಾಗುತ್ತದೆ, ಮಳೆಯಲ್ಲಿ ಏನು ಕಥೆ, ಇಷ್ಟಕ್ಕೇ ಒಂದು ವರ್ಷ ಸಾಲದು. ಏರೋ ಬಿಡಲು ಮನಸ್ಸೇ ಇಲ್ಲ ಅಂದರೆ ವಿಂಡೋದ ನಾಲ್ಕು ಗೆರೆಗಳನ್ನು ಮೊದಲೇ ಗ್ರಾಫಿನಲ್ಲಿ ಎಳೆದಿಟ್ಟು, ಆಮೇಲೆ ಸಿಮ್ಯುಲೇಶನ್ ಶುರುಮಾಡಿ.