ದೀಪದ ಪೆಟ್ಟಿಗೆಯ ಮೇಲಿನ ಮುದ್ರೆಗಳನ್ನು ಓದುವ ಬಗೆ

ಮನೆಯೊಳಗಿನ ಗಿಡಗಳಿಗೆ ಎಲ್‌ಇಡಿ ದೀಪ ಕೊಳ್ಳುವಾಗ ಸಿಇ, ಯುಎಲ್, ಐಪಿ65, ಎಲ್‌ಎಂ-80 ಇವುಗಳಲ್ಲಿ ಯಾವುದನ್ನು ನಂಬಬೇಕೆಂದೂ, ಪ್ರಮಾಣಪತ್ರವಿರುವ ಬೆಳಕಿನ ವಿನ್ಯಾಸಕರು ಅಗತ್ಯವೇ ಎಂದೂ ತಾವು ಕೇಳಿದ್ದೀರಿ. ಇವೆಲ್ಲ ಬೇರೆ ಬೇರೆ ಸಂಗತಿಗಳನ್ನು ಹೇಳುವುದರಿಂದ ಒಂದು ಇದ್ದರೆ ಇನ್ನೊಂದು ಬೇಡವೆನ್ನಲು ಬರುವುದಿಲ್ಲ.

ಮೊದಲು ನೋಡಬೇಕಾದದ್ದು ವಿದ್ಯುತ್ ಸುರಕ್ಷತೆ. ಸಿಇ ಎಂಬುದು ಯುರೋಪಿನ ನಿಯಮಗಳಿಗೆ ಬದ್ಧವಾಗಿದ್ದೇವೆಂದು ಸಾಮಾನ್ಯವಾಗಿ ತಯಾರಕರೇ ಮಾಡಿಕೊಳ್ಳುವ ಘೋಷಣೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಸುರಕ್ಷತಾ ಮುದ್ರೆಗಳಾದ ಯುಎಲ್ ಮತ್ತು ಇಟಿಎಲ್‌ಗಳ ಹಿಂದೆ ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯೂ ಆಗಾಗ ನಡೆಯುವ ಕಾರ್ಖಾನೆ ತಪಾಸಣೆಯೂ ಇರುತ್ತವೆ. ಇಟಿಎಲ್ ಕೀಳೆಂಬ ಮಾತು ಕೇಳಿಬರುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ಎರಡೂ ಕಡೆ ಅನುಸರಿಸುವ ಮಾನದಂಡಗಳು ಒಂದೇ. ಎಚ್ಚರ ಬೇಕಾದದ್ದು ಇನ್ನೊಂದು ಕಡೆ: ತಿರುಗಿಸಿ ಬರೆದ ಆರ್ ಅಕ್ಷರದೊಂದಿಗೆ ಯು ಇರುವ ಯುಎಲ್ ಚಿಹ್ನೆ ಬಿಡಿಭಾಗಕ್ಕೆ ಮಾತ್ರ ಸಲ್ಲುತ್ತದೆ. ಒಳಗಿನ ಡ್ರೈವರ್‌ಗೆ, ಎಂದರೆ ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ಭಾಗಕ್ಕೆ, ಅದು ಸಿಕ್ಕಿದೆಯೆಂದು ಇಡೀ ದೀಪವೇ ಪರೀಕ್ಷೆಗೊಳಪಟ್ಟಿದೆ ಎಂದು ಮಾರುವವರಿದ್ದಾರೆ. ಗಿಡಗಳ ದೀಪಗಳಿಗೆಂದೇ ಇರುವ ಮಾನದಂಡ ಯುಎಲ್ 8800. ಅದರ ಉಲ್ಲೇಖವಿದ್ದರೆ ಒಳ್ಳೆಯದು.

ಐಪಿ65 ಎಂದರೆ ಧೂಳು ಒಳನುಗ್ಗದು, ಪೈಪಿನಿಂದ ಬರುವಂಥ ನೀರಿನ ಧಾರೆಯನ್ನು ತಡೆದುಕೊಳ್ಳುತ್ತದೆ, ಅಷ್ಟೇ. ನೀರಿನಲ್ಲಿ ಮುಳುಗಿಸಲು ಅದು ಅನುಮತಿಯಲ್ಲ.

ಹೆಚ್ಚು ಗೊಂದಲವಿರುವುದು ಆಯುಷ್ಯದ ವಿಷಯದಲ್ಲಿ. ಎಲ್‌ಎಂ-80 ಪರೀಕ್ಷೆ ನಡೆಯುವುದು ಎಲ್‌ಇಡಿ ಚಿಪ್‌ಗಳ ಮೇಲೆ, ಪೂರ್ಣ ದೀಪದ ಮೇಲಲ್ಲ. ಸಾಮಾನ್ಯವಾಗಿ 6,000 ಗಂಟೆ ಅಥವಾ ಅದಕ್ಕೂ ಹೆಚ್ಚು ಉರಿಸಿ ಬೆಳಕು ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ. ಆ ಅಂಕಿಗಳಿಂದ ಮುಂದಿನದನ್ನು ಅಂದಾಜಿಸುವ ಟಿಎಂ-21 ಪದ್ಧತಿ, ಪರೀಕ್ಷೆ ನಡೆದ ಅವಧಿಯ ಗರಿಷ್ಠ 6 ಪಟ್ಟಿನವರೆಗೆ ಮಾತ್ರ ಹೇಳಲು ಬಿಡುತ್ತದೆ. ಆದ್ದರಿಂದ 6,000 ಗಂಟೆಗಳ ವರದಿಯನ್ನಿಟ್ಟುಕೊಂಡು 36,000 ಗಂಟೆಗಳನ್ನು ಮೀರಿ ಹೇಳುವ ಯಾವ ಅಂಕಿಯನ್ನೂ ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲದೆ ಚಿಪ್ ಚೆನ್ನಾಗಿರುವಾಗಲೇ ಡ್ರೈವರ್ ಕೈಕೊಡುವುದು ಅಪರೂಪವಲ್ಲ, ಅದರ ಬಗ್ಗೆ ಈ ಪರೀಕ್ಷೆ ಏನನ್ನೂ ಹೇಳದು. ಪೂರ್ಣ ದೀಪದ ಬೆಳಕು ಮತ್ತು ವಿದ್ಯುತ್ ಬಳಕೆಯ ಅಳತೆಗೆ ಎಲ್‌ಎಂ-79 ವರದಿಯನ್ನು ಕೇಳಿ. ಅದರಲ್ಲಿಯೂ ಲ್ಯೂಮೆನ್ ಮನುಷ್ಯರ ಕಣ್ಣಿಗೆ ಹೊಂದಿದ ಅಳತೆಯಾದ್ದರಿಂದ, ಗಿಡಗಳಿಗಾಗಿ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಕಣಗಳು ಎಷ್ಟು ಹೊರಬರುತ್ತವೆಂದು ಸೆಕೆಂಡಿಗೆ ಮೈಕ್ರೋಮೋಲ್‌ಗಳಲ್ಲಿ ಹೇಳುವ ಪಿಪಿಎಫ್ ಅಂಕಿಯನ್ನು ನೋಡಬೇಕು.

ವೃತ್ತಿಪರರ ವಿಷಯ: ಅಮೆರಿಕದ ಎನ್‌ಸಿಕ್ಯುಎಲ್‌ಪಿ ಸಂಸ್ಥೆ ಕೊಡುವ ಎಲ್‌ಸಿ ಎಂಬ ಪ್ರಮಾಣಪತ್ರ ಪರೀಕ್ಷೆ ಬರೆದು ಪಡೆಯುವಂಥದ್ದು, ಆಗಾಗ ನವೀಕರಿಸಿಕೊಳ್ಳಬೇಕಾದದ್ದು, ಬೆಳಕಿನ ವಿನ್ಯಾಸಕರ ಇನ್ನೊಂದು ಪ್ರಮಾಣಪತ್ರವಾದ ಸಿಎಲ್‌ಡಿಯಾದರೋ ಮುಗಿಸಿದ ಯೋಜನೆಗಳನ್ನು ಪರಿಶೀಲಿಸಿ ಕೊಡುವಂಥದ್ದು. ಎರಡೂ ಬೆಳಕಿನ ವಿನ್ಯಾಸದ ತಿಳಿವಳಿಕೆಯನ್ನು ತೋರಿಸುತ್ತವೆಯೇ ಹೊರತು ವೈರಿಂಗ್ ಮಾಡುವ ಪರವಾನಗಿಯಲ್ಲ. ಗಿಡಗಳ ನಾಲ್ಕಾರು ಕಪಾಟುಗಳಿಗೆ ಇಂಥ ವಿನ್ಯಾಸಕರು ಬೇಕಿಲ್ಲ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಸಾಕು.

ಹಣ ಕೊಡುವ ಮೊದಲು ಮುದ್ರೆಯ ಜೊತೆಗಿರುವ ಕಡತ ಸಂಖ್ಯೆಯನ್ನು ಆಯಾ ಪ್ರಯೋಗಾಲಯದ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿ, ಅಲ್ಲಿರುವ ತಯಾರಕರ ಹೆಸರೂ ಮಾದರಿ ಸಂಖ್ಯೆಯೂ ದೀಪದ ಮೇಲಿನವುಗಳೊಂದಿಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ.