ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗ್ತಿದ್ರೆ ಮೊದಲು ಪವರ್ ನೋಡಿ

ಸಿನಿಮಾ ಶುರುವಾಗಿ ಹತ್ತು ನಿಮಿಷಕ್ಕೆ ಸ್ಟ್ರೀಮಿಂಗ್ ಸ್ಟಿಕ್ (ಟಿವಿಗೆ ಚುಚ್ಚಿ ಇಂಟರ್ನೆಟ್‌ನಿಂದ ಸಿನಿಮಾ ನೋಡೋ ಪುಟ್ಟ ಸಾಧನ) ತಾನಾಗೇ ರೀಸ್ಟಾರ್ಟ್ ಆಗುತ್ತೆ, ಎರಡು ಸಲ ಫ್ಯಾಕ್ಟರಿ ರೀಸೆಟ್ ಮಾಡಿದ್ರೂ ಸರಿಹೋಗಿಲ್ಲ ಅಂದಿದ್ದೀರಿ. ಅದರ ಪವರ್ ವೈರನ್ನು ಟಿವಿಯ ಯುಎಸ್‌ಬಿಗೇ ಚುಚ್ಚಿದ್ದೀನಿ ಅಂತಲೂ ಬರೆದಿದ್ದೀರಲ್ಲ, ಬಹುಶಃ ತೊಂದರೆ ಇರೋದೇ ಅಲ್ಲಿ. ಯುಎಸ್‌ಬಿ 2.0 ಪೋರ್ಟ್ ಲೆಕ್ಕದ ಪ್ರಕಾರ ಕೊಡೋದು 5 ವೋಲ್ಟ್, 0.5 ಆಂಪ್, ಅಂದ್ರೆ 2.5 ವ್ಯಾಟ್. ಸ್ಟಿಕ್ ಜೊತೆ ಬರೋ ಅಡಾಪ್ಟರ್ ಸಾಮಾನ್ಯವಾಗಿ 5 ವ್ಯಾಟಿನದು. ಮೆನು ತಿರುಗಿಸೋವರೆಗೆ ಹೇಗೋ ನಡೆಯುತ್ತೆ; ವೈಫೈ, ವಿಡಿಯೊ ಎರಡೂ ಒಟ್ಟಿಗೆ ಎಳೆಯೋಕೆ ಶುರು ಮಾಡಿದ್ರೆ ವೋಲ್ಟೇಜ್ ಕುಸಿದು ಆಫ್ ಆಗುತ್ತೆ.

ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿ. ಅದರ ಮೇಲೆ ಸಣ್ಣಕ್ಷರದಲ್ಲಿ ಔಟ್‌ಪುಟ್ 5 ವೋಲ್ಟ್, 1 ಆಂಪ್ ಅಥವಾ ಹೆಚ್ಚು ಅಂತ ಇರಬೇಕು. ವೈರೂ ಡಬ್ಬಿಯಲ್ಲಿ ಬಂದದ್ದೇ ಇರಲಿ, ಉದ್ದದ ತೆಳು ವೈರಿನಲ್ಲೂ ವೋಲ್ಟೇಜ್ ಇಳಿಯುತ್ತೆ.

ಆಮೇಲೂ ಹಾಗೇ ಆದ್ರೆ ಸ್ಟಿಕ್ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿ ಇದ್ರೆ ಚಿಕ್ಕ ಎಚ್‌ಡಿಎಂಐ ಎಕ್ಸ್‌ಟೆಂಡರ್ (ಸ್ಟಿಕ್ಕಿಗೂ ಟಿವಿಗೂ ನಡುವೆ ಹಾಕೋ ತುಂಡು ವೈರು) ಹಾಕಿ ಟಿವಿ ಬೆನ್ನಿಂದ ಹೊರಗೆ ತನ್ನಿ; ವೈಫೈ ಸಿಗ್ನಲ್ಲೂ ಸುಧಾರಿಸಬಹುದು. ಮತ್ತೆ ರೀಸೆಟ್ ಮಾತ್ರ ಬೇಡ, ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಪಾಸ್‌ವರ್ಡ್ ಹಾಕೋ ಶಿಕ್ಷೆ ಎರಡು ಸಲ ಅನುಭವಿಸಿದ್ದೀರಿ, ಸಾಕು.